ಕಲ್ಲಿಗೊಬ್ಬಳು ಸೋದರತ್ತೆ

ಸಯನ್
14 ಜನವರಿ 2025

ಗುರುಪಾದನಿಗೆ,

ಇದನ್ನು ಸಂಕ್ರಮಣದ ಕಾಗದವೆಂದು ತಿಳಿದು ಲಕೋಟೆ ಝಾಡಿಸಬೇಡ. ಒಳಗೆ ಎಳ್ಳೂ ಇಲ್ಲ, ಬೆಲ್ಲವೂ ಇಲ್ಲ. ಇಪ್ಪತ್ತು ವರ್ಷ ನಿನಗೆ ಒಂದು ಸಾಲು ಬರೆಯದ ನಿನ್ನ ಅಕ್ಕ ಇವತ್ತು ಪೆನ್ನು ಹಿಡಿದದ್ದು ಒಂದು ಹಕ್ಕಿನ ಸಲುವಾಗಿ.

ನಿನ್ನೆಯ ಪೇಪರಿನಲ್ಲಿ, ರಕ್ತದಾನ ಶಿಬಿರದ ಫೋಟೊದ ಕೆಳಗೆ, ಬೆರಳಷ್ಟು ಸುದ್ದಿ, ಜೊತೆಗೆ ಕಪ್ಪು ಆಕಾಶದ ಉಗುರಷ್ಟು ಫೋಟೊ ಇತ್ತು. ಇದೇ ಮುಂಬಯಿಯ ಮುಲುಂಡ್‌ನ ಕನ್ನಡದ ಹುಡುಗಿಯೊಬ್ಬಳು ಮಂಗಳ ಮತ್ತು ಗುರು ಗ್ರಹಗಳ ನಡುವೆ ಸುತ್ತುವ ಒಂದು ಕ್ಷುದ್ರಗ್ರಹವನ್ನು ಪತ್ತೆ ಮಾಡಿದ್ದಾಳೆ, ಮುಂದೆ ಅದಕ್ಕೆ ಹೆಸರಿಡುವ ಅವಕಾಶವೂ ಆಕೆಗೆ ಸಿಗಬಹುದು ಎಂದು. ತಂದೆ ಗುರುಪಾದ, ರೈಲ್ವೆ ನೌಕರ ಎಂದು ಓದಿದ್ದೇ ತಡ, ಒಲೆಯ ಮೇಲಿನ ಹಾಲು ಮರೆತೆ. ಉಕ್ಕಿ ಹರಿಯಿತು. ನಿನ್ನ ಭಾವ ಅಣವೀರಪ್ಪನವರು ಓಡಿ ಬಂದು, ‘ಏನಾತು, ಯಾರರ ಹ್ವಾದರೇನು?’ ಎಂದರು. ‘ಯಾರೂ ಹೋಗಿಲ್ಲ, ಗುರುಪಾದನ ಮಗಳು ಮ್ಯಾಲೆ ಒಂದು ಕಲ್ಲು ಹುಡಿಕ್ಯಾಳ’ ಎಂದೆ. ‘ಕಲ್ಲು ಹುಡುಕಾಕ ಅಷ್ಟು ಮ್ಯಾಲೆ ಯಾಕ ಹ್ವಾದ್ಲು?’ ಎಂದು ಕೇಳಿ ಅವರು ಒಲೆ ಒರೆಸತೊಡಗಿದರು. ಮೂವತ್ತೆಂಟು ವರ್ಷದಿಂದ ಹೀಗೇ ನಡೆದಿದೆ.

ಈಗ ವಿಷಯ. ನಮ್ಮಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕಿದ ದಿನ ಅದರ ಕಿವಿಯಲ್ಲಿ ಹೆಸರು ಹೇಳುವವಳು ಸೋದರತ್ತೆ. ಅಪ್ಪನ ಅಕ್ಕ, ಇಲ್ಲವೇ ತಂಗಿ. ಬೇರೆ ಯಾರೂ ಅಲ್ಲ. 2005ರ ಮಾರ್ಚ್ 6ರಂದು ನಿನ್ನ ಮಗಳ ತೊಟ್ಟಿಲ ಕಾರ್ಯದಲ್ಲಿ ಆ ಹಕ್ಕನ್ನು ನಿನ್ನ ಹೆಂಡತಿ ಶೈಲಾಳ ತಾಯಿ ನೀಲಾಬಾಯಿ ಕಸಿದುಕೊಂಡಳು, ನೀನು ಗೋಡೆಗೆ ಒರಗಿ ನಿಂತು ನೋಡಿದೆ. ನಿನ್ನ ಮನೆಯಲ್ಲಿ ಹೆಸರಿಡುವ ಪ್ರಸಂಗ ಮತ್ತೊಮ್ಮೆ ಬಂದಿದೆ. ಕಲ್ಲಾದರೂ ಸರಿ, ನಿನ್ನ ಮಗಳು ಹುಡುಕಿದ ಕಲ್ಲಿಗೆ ಹೆಸರಿಡುವವಳು ನಾನು.

ಫೋನ್ ಮಾಡಬೇಡ. ನಿನ್ನ ದನಿ ಕೇಳಿದರೆ ನನಗೆ ಸರಿಯಾಗಿ ಬೈಯಲು ಆಗುವುದಿಲ್ಲ. ಬರೆದೇ ತಿಳಿಸು.

ಮಹಾದೇವಿ
(ನಿವೃತ್ತ ಶಿಕ್ಷಕಿ, ಮುನಸಿಪಾಲಿಟಿ ಕನ್ನಡ ಶಾಲೆ)


ಮುಲುಂಡ್
25 ಜನವರಿ 2025

ಮಾತೃಸಮಾನಳಾದ ಅಕ್ಕನಿಗೆ ಗುರುಪಾದನ ನಮಸ್ಕಾರಗಳು.

ನಿನ್ನ 14ನೇ ತಾರೀಖಿನ ಪತ್ರ 18ಕ್ಕೆ ತಲುಪಿತು. ಒಡೆಯಲು ನನಗೆ ನಾಲ್ಕು ದಿನ ಬೇಕಾಯಿತು. ಅಕ್ಷರ ನೋಡಿಯೇ ಶೈಲಾ, ‘ಅಕ್ಕಾರದು! ನೀವ ಒಡೀರಿ, ನಾ ಒಲ್ಲೆ’ ಎಂದು ಲಕೋಟೆಯನ್ನು ಫ್ರಿಜ್ಜಿನ ಮೇಲೆ ಇಟ್ಟುಬಿಟ್ಟಳು.

ಕ್ಷುದ್ರಗ್ರಹದ ವಿಷಯಕ್ಕೆ ಸಂಬಂಧಿಸಿದಂತೆ ತಿಳಿಸುವುದೇನೆಂದರೆ, ಅದಕ್ಕೆ ಈಗಲೇ ಹೆಸರಿಡುವಂತಿಲ್ಲ. ಸದ್ಯ ಅದಕ್ಕೆ ತಾತ್ಪೂರ್ತಿಕ ಗುರುತು ಮಾತ್ರ ಕೊಟ್ಟಿದ್ದಾರೆ. ಮೊದಲು ಇಸವಿ, ಆಮೇಲೆ ಇಂಗ್ಲಿಷ್ ಅಕ್ಷರ, ಆಮೇಲೆ ಅಂಕಿ; ರಿಕ್ಷಾದ ನಂಬರ್ ಪ್ಲೇಟಿನ ಹಾಗೆ. ಅದು ಸೂರ್ಯನನ್ನು ಒಂದು ಸುತ್ತು ಹಾಕಲು ನಾಲ್ಕೂವರೆ ವರ್ಷ. ಅಂಥ ಸುತ್ತುಗಳಲ್ಲಿ ಅದನ್ನು ಮತ್ತೆ ಮತ್ತೆ ನೋಡಿ, ದಾರಿ ಪಕ್ಕಾ ಆದ ಮೇಲೆ ಖಾಯಂ ನಂಬರು. ಅದರ ನಂತರ ಹೆಸರು. ಆರು ವರ್ಷವೂ ಆದೀತು, ಹತ್ತೂ ಆದೀತು. ನಮ್ಮ ಆಫೀಸಿನ ಪ್ರಮೋಶನ್ ಇದಕ್ಕಿಂತ ಬೇಗ ಆಗುತ್ತದೆ.

ಇನ್ನು ಹಕ್ಕಿನ ಪ್ರಶ್ನೆ. ನೀನು ಟೀಚರು, ನಾನು ಹೇಳಬೇಕಿಲ್ಲ. ಕೂಸಿಗೆ ಹೆಸರಿಡುವವಳು ಕೂಸಿನ ಅಪ್ಪನ ಅಕ್ಕ-ತಂಗಿ. ಕಲ್ಲು ನನ್ನ ಮಗಳದು ಎಂದರೆ ನಾನು ಅದಕ್ಕೆ ಅಪ್ಪನಲ್ಲ, ಅಜ್ಜ. ನೀನು ಅಜ್ಜನ ಅಕ್ಕ. ಅಜ್ಜನ ಅಕ್ಕನಿಗೆ ಊಟಕ್ಕೆ ಮೊದಲ ಪಂಕ್ತಿಯಲ್ಲಿ ಕೂಡುವ ಹಕ್ಕುಂಟು, ಹೆಸರಿಡುವ ಹಕ್ಕಿಲ್ಲ.

ಕೊನೆಯದಾಗಿ ಒಂದು ಮಾತು. ನಿನ್ನ ಪತ್ರದಲ್ಲಿ ‘ನಿನ್ನ ಮಗಳು’, ‘ಗುರುಪಾದನ ಮಗಳು’, ‘ಹುಡುಗಿ’ ಎಲ್ಲ ಇದೆ. ಅವಳಿಗೊಂದು ಹೆಸರಿದೆ. ಎಲ್ಲರೂ ಅವಳನ್ನು ಆ ಹೆಸರಿನಿಂದಲೇ ಕರೆಯುತ್ತಾರೆ. ಪತ್ರ ಓದಿ ಅವಳು ಕೇಳಿದ್ದೂ ಅದೊಂದನ್ನೇ.

ಭಾವನವರಿಗೆ ನಮಸ್ಕಾರ ತಿಳಿಸು.

ನಿನ್ನ ತಮ್ಮ
ಗುರುಪಾದ


ಸಯನ್
3 ಫೆಬ್ರವರಿ 2025

ಗುರುಪಾದನಿಗೆ,

ವಕೀಲನಾಗಬೇಕಿತ್ತು ನೀನು. ರೈಲ್ವೆಯಲ್ಲಿ ವ್ಯರ್ಥವಾದೆ.

ಅಜ್ಜನ ಅಕ್ಕನಂತೆ! ಸರಿ, ನಿನ್ನ ದಾರಿಯಲ್ಲೇ ಬರುತ್ತೇನೆ. ಕಲ್ಲಿನ ಅಪ್ಪ ಯಾರು? ಇಲ್ಲ. ಅಪ್ಪನೇ ಇಲ್ಲದ ಮೇಲೆ ಅಪ್ಪನ ಅಕ್ಕ ಎಲ್ಲಿಂದ ಬಂದಾಳು? ಅಂಥ ಕೂಸಿನ ಕಾರ್ಯವನ್ನು ತಾಯಿಯ ತವರಿನವರೇ ಮಾಡಬೇಕು. ತವರಿನಲ್ಲಿ ಹಿರಿಯಳು ಯಾರು? ನಾನು. ಮುಗಿಯಿತು. ನಿನ್ನ ಭಾವನವರಿಗೆ ಓದಿ ಹೇಳಿದೆ. ‘ಬರೋಬರಿ ಐತಿ’ ಎಂದರು. ಅವರು ಎಲ್ಲದಕ್ಕೂ ಹಾಗೇ ಅನ್ನುತ್ತಾರೆ, ಆದರೆ ಈ ಸಲ ಪೇಪರು ಕೆಳಗಿಟ್ಟು ಅಂದರು.

ಅವಳ ಹೆಸರಿನ ಮಾತು ನೀನೇ ತೆಗೆದೆ. ಹಾಗಾದರೆ ಕೇಳು. ಮಾಟುಂಗಾದಿಂದ ಮುಲುಂಡ್‌ವರೆಗೆ ಮೆಗಾಬ್ಲಾಕ್ ಇರುವ ಭಾನುವಾರವನ್ನೇ ಹುಡುಕಿ ಮಗಳ ತೊಟ್ಟಿಲ ಕಾರ್ಯ ಇಟ್ಟುಕೊಂಡ ರೈಲ್ವೆ ನೌಕರ ಇಡೀ ಮುಂಬಯಿಯಲ್ಲಿ ನೀನೊಬ್ಬನೇ! ಆ ಹಳಿಗಳ ರಿಪೇರಿ ನಿನ್ನ ಆಫೀಸಿನ ಗೋಡೆಯ ಮೇಲೆ ಬರೆದಿರಲಿಲ್ಲವೇ? ಸಯನ್ ಪ್ಲಾಟ್‌ಫಾರ್ಮಿನ ಮೇಲೆ ಒಂದೂವರೆ ತಾಸು ನಿಂತೆ. ಒಂದು ಕೈಯಲ್ಲಿ ಗುಗ್ಗರಿಯ ಡಬ್ಬಿ, ಬಗಲಲ್ಲಿ ನಾನೇ ಹೊಲಿದ ಕುಂಚಿಗೆ. ಹಸಿರು ಖಣದ್ದು, ಕೂಸಿನ ತಲೆಯಿಂದ ಬೆನ್ನಿನವರೆಗೆ ಬರುವಂಥದ್ದು. ಕಡೆಗೆ ಎರಡು ಬಸ್ಸು ಬದಲಿಸಿ ಬೆವರು ಸುರಿಸುತ್ತ ನಿನ್ನ ಬಾಗಿಲಿಗೆ ಬಂದರೆ, ಒಳಗೆ ಎರಡನೆಯ ಪಂಕ್ತಿಯ ಊಟ ನಡೆದಿತ್ತು. ನೀಲಾಬಾಯಿ ನನ್ನ ಮುಂದೆ ಎಲೆ ಹಾಕಿ, ‘ಭಾಳ ತಡಾ ಮಾಡಿದ್ರಿ ನೋಡ್ರಿ. ಹೆಸರಿಟ್ಟ ಆತು’ ಎಂದು ಒಂದು ಹೆಸರು ಹೇಳಿದಳು.

ನನ್ನ ಬಾಯಲ್ಲಿ ಇನ್ನೊಂದು ಹೆಸರಿತ್ತು, ಗುರುಪಾದ. ಅವ್ವ ತೀರಿ ಎಂಟು ತಿಂಗಳಾಗಿತ್ತು. ಅವಳದೇ ಹೆಸರು, ರಾಚವ್ವ ಎಂದು ಕೂಸಿನ ಕಿವಿಯಲ್ಲಿ ಹೇಳಬೇಕೆಂದು ಪ್ಲಾಟ್‌ಫಾರ್ಮಿನ ಮೇಲೆ, ಬಸ್ಸಿನಲ್ಲಿ, ಮೆಟ್ಟಿಲು ಹತ್ತುವಾಗ, ಅದನ್ನೇ ಅಂದುಕೊಳ್ಳುತ್ತ ಬಂದಿದ್ದೆ. ಎಲೆ ಬಿಟ್ಟು ಎದ್ದೆ. ಅವಳು ಹೇಳಿದ ಹೆಸರನ್ನು ಅಂದು ನಾನು ಬಾಯಿಂದ ಆಡಲಿಲ್ಲ. ಇಂದಿಗೂ ಆಡಿಲ್ಲ, ಬರೆದೂ ಇಲ್ಲ. ನಿನ್ನ ಮಗಳ ಮೇಲೆ ನನಗೆ ಸಿಟ್ಟಿಲ್ಲ. ಹೆಸರಿನ ಮೇಲೆ ಇದೆ.

ಹತ್ತು ವರ್ಷವಾಗಲಿ, ಕಾಯುತ್ತೇನೆ. ನನಗೀಗ ಅರವತ್ತಾರು.

ಮಹಾದೇವಿ

ತಾ.ಕ.: ನಿನ್ನ ಪತ್ರದಲ್ಲಿ ‘ತಾತ್ಪೂರ್ತಿಕ’ ಎಂದಿದೆ. ‘ತಾತ್ಕಾಲಿಕ’ ಎಂದು ಬರೆ. ಮರಾಠಿಯನ್ನು ಮುಲುಂಡ್ ಸ್ಟೇಷನ್ನಿನಲ್ಲಿ ಬಿಟ್ಟು ಬಂದು ಪತ್ರ ಬರೆಯಬೇಕು.


ಮುಲುಂಡ್
20 ಫೆಬ್ರವರಿ 2025

ಆತ್ಯಾ,

ನಮಸ್ಕಾರ. ಇದು ಪಪ್ಪಾ ಅಲ್ಲ, ನಾನು. ನನ್ನ ಕನ್ನಡ ಥೋಡಾ ಕಚ್ಚಾ ಇದೆ, ಸಂಭಾಳಿಸಿ. ಮಮ್ಮಿ ಪಕ್ಕದಲ್ಲಿ ಮೆಂತ್ಯೆ ಬಿಡಿಸುತ್ತ ಅಕ್ಷರ ಹೇಳಿಕೊಡುತ್ತಾಳೆ. ಪಪ್ಪಾಗೆ ಗೊತ್ತಿಲ್ಲ. ಅವರು ನಿಮ್ಮ ಲೆಟರ್ ಓದಿ ಎರಡು ದಿನ ಆಫೀಸ್ ಬ್ಯಾಗಿನಲ್ಲೇ ಇಟ್ಟುಕೊಂಡು ತಿರುಗಿದರು.

ಕಲ್ಲು ಹೇಗೆ ಸಿಕ್ಕಿತು ಹೇಳುತ್ತೇನೆ. ಹವಾಯಿಯಲ್ಲಿ ಒಂದು ದೊಡ್ಡ ಟೆಲಿಸ್ಕೋಪ್ ಇದೆ. ಅದು ಆಕಾಶದ ಒಂದೇ ಜಾಗದ ನಾಲ್ಕು ಫೋಟೊ ತೆಗೆಯುತ್ತದೆ, ಮಧ್ಯೆ ಸ್ವಲ್ಪ ಸ್ವಲ್ಪ ಟೈಮ್ ಬಿಟ್ಟು. ಆ ಫೋಟೊ ನಮ್ಮ ಕಾಲೇಜ್ ಟೀಮಿಗೆ ಬರುತ್ತದೆ. ನಾನು ಲ್ಯಾಪ್‌ಟಾಪ್‌ನಲ್ಲಿ ಒಂದರ ಹಿಂದೆ ಒಂದು ಪಟಪಟ ಬದಲಿಸಿ ನೋಡುತ್ತೇನೆ. ತಾರೆಗಳು ಅಲ್ಲೇ ಇರುತ್ತವೆ, ಹಲ್ಲಾಡುವುದಿಲ್ಲ. (ಮಮ್ಮಿ ಹೇಳುತ್ತಾಳೆ ಅದು ಅಲ್ಲಾಡು, ಹಲ್ಲು ಬೇರೆ.) ಒಂದು ಚುಕ್ಕೆ ಮಾತ್ರ ಸರಿಯುತ್ತದೆ. ಅದು ಕ್ಷುದ್ರಗ್ರಹ. ಆದರೆ ನೂರಕ್ಕೆ ತೊಂಬತ್ತೊಂಬತ್ತು ಚುಕ್ಕೆ ಫಾಲ್ತು. ಮೊದಲ ದಿನ ನನಗೆ ಒಂದು ಸಿಕ್ಕಿತು ಎಂದು ಜೋರಾಗಿ ಚಿಲ್ಲಾಯಿಸಿದೆ. ಪಪ್ಪಾ ಅರ್ಧ ಶೇವಿಂಗ್‌ನಲ್ಲಿ ಓಡಿ ಬಂದರು. ಅದು ಸ್ಕ್ರೀನ್ ಮೇಲೆ ನಡೆಯುವ ಇರುವೆ. ಎರಡು ವರ್ಷ ನೋಡಿದೆ ಆತ್ಯಾ. ಕಣ್ಣಿಗೆ ನಂಬರ್ ಬಂತು, ಚಷ್ಮಾ ಹಾಕಿದೆ. ಆಮೇಲೆ ಇದು ಸಿಕ್ಕಿತು.

ಜಪಾನಿನವರು ಒಂದು ಯಾನ ಕಳಿಸಿ ಒಂದು ಕ್ಷುದ್ರಗ್ರಹದಿಂದ ಮಣ್ಣು ತಂದಿದ್ದಾರೆ. ನನ್ನ ಕಲ್ಲಿನ ಹತ್ತಿರವೂ ಒಂದು ದಿನ ಯಾರಾದರೂ ಹೋಗಲಿ ಎಂದು ನನ್ನ ಸಪ್ನಾ ಇದೆ.

ಹೆಸರು ಇಡುವ ಟೈಮ್ ಬಂದರೆ ನೀವು ಹೇಳಿದ ಹೆಸರನ್ನೇ ಕಳಿಸುತ್ತೇನೆ, ಪ್ರಾಮಿಸ್. ರೂಲ್ ಇದೆ: ಇಂಗ್ಲಿಷ್‌ನಲ್ಲಿ ಹದಿನಾರು ಅಕ್ಷರದ ಒಳಗೆ ಇರಬೇಕು, ನಾಯಿ ಬೆಕ್ಕಿನ ಹೆಸರು ಬೇಡ, ಲೀಡರ್ ಹೆಸರು ಆದರೆ ಅವರು ಸತ್ತು ನೂರು ವರ್ಷ ಆಗಿರಬೇಕು. ರಾಚವ್ವಜ್ಜಿ ಲೀಡರ್ ಅಲ್ಲ, ಚಲೇಗಾ.

ಆದರೆ ನನ್ನದು ಒಂದು ಶರ್ತ. ಮೊದಲು ನೀವು ನನ್ನನ್ನು ನನ್ನ ಹೆಸರಿನಿಂದ ಕರೆಯಬೇಕು. ಒಂದೇ ಬಾರಿ. ಲೆಟರ್‌ನಲ್ಲಿ ಆದರೂ ಸರಿ. ಆ ಹೆಸರು ನಾನು ಇಟ್ಟುಕೊಂಡದ್ದಲ್ಲ ಆತ್ಯಾ, ಆವಾಗ ನಾನು ಮಲಗಿದ್ದೆ.

ಸ್ನೇಹಲ್


ಸಯನ್
12 ಏಪ್ರಿಲ್ 2025

ಗುರುಪಾದನಿಗೆ,

ನಿನ್ನ ಮಗಳು ನಿನಗೆ ಗೊತ್ತಿಲ್ಲದೆ ನನಗೆ ಪತ್ರ ಬರೆದಿದ್ದಾಳೆ. ಅದನ್ನು ಕೆಂಪು ಶಾಯಿಯಲ್ಲಿ ತಿದ್ದಿ ಇದರೊಡನೆ ಮರಳಿಸಿದ್ದೇನೆ. ಹತ್ತೊಂಬತ್ತು ತಪ್ಪು. ಹತ್ತಕ್ಕೆ ಐದು ಅಂಕ, ಇರುವೆಯ ಸಲುವಾಗಿ ಇನ್ನೊಂದು. ‘ಆತ್ಯಾ’ ಎಂದು ಇರುವಲ್ಲೆಲ್ಲ ‘ಅತ್ತಿ’ ಎಂದು ಬರೆದಿದ್ದೇನೆ, ಬಾಯಿಪಾಠ ಮಾಡಿಸು.

ಶರ್ತವಂತೆ! ಮೂವತ್ತನಾಲ್ಕು ವರ್ಷದ ನೌಕರಿಯಲ್ಲಿ ಮಹಾದೇವಿ ಟೀಚರಿಗೆ ಶರ್ತ ಹಾಕಿದವರು ಯಾರೂ ಇಲ್ಲ, ಹೆಡ್‌ಮಾಸ್ತರರನ್ನು ಹಿಡಿದು. ಎರಡು ತಿಂಗಳು ಉತ್ತರ ಬರೆಯದೆ ಇದ್ದದ್ದು ಅದಕ್ಕೇ. ದಿನಾ ಒಮ್ಮೆ ತೆಗೆದು ಓದುತ್ತೇನೆ, ದಿನಾ ಮೈ ಉರಿಯುತ್ತದೆ, ಆಮೇಲೆ ನಗು ಬರುತ್ತದೆ. ಅವಳು ನಮ್ಮ ಅವ್ವನ ಮೊಮ್ಮಗಳೇ ಹೌದು, ಸಂಶಯ ಬೇಡ. ಆದರೆ ಶರ್ತಕ್ಕೆ ನಾನು ಬಗ್ಗುವುದಿಲ್ಲ ಎಂದು ಹೇಳು. ಮತ್ತೆ, ಜಪಾನಿನವರು ಅಷ್ಟು ದೂರ ಹೋಗಿ ಬರೀ ಮಣ್ಣು ತೆಗೆದುಕೊಂಡು ಬಂದರೋ, ಬರುವ ಮುಂಚೆ ಆ ಕಲ್ಲಿಗೆ ಉಡಿ ತುಂಬಿ ಬಂದರೋ? ಕೇಳಿ ತಿಳಿಸು. ನಮ್ಮ ಮಹಿಳಾ ಮಂಡಳದಲ್ಲಿ ಈ ಪ್ರಶ್ನೆ ಬಂದಿದೆ.

ಹೌದು, ಮಂಡಳದಲ್ಲಿ ಹೇಳಿದ್ದೇನೆ. ಹೇಳದೆ ಏನು ಮಾಡಲಿ? ಎಲ್ಲರ ಮೊಮ್ಮಕ್ಕಳೂ ಏನೇನೋ ಆಗುತ್ತಾರೆ, ನಾನು ಮಾತ್ರ ಬಿಸ್ಕೀಟು ತಿನ್ನುತ್ತ ಕೇಳುತ್ತೇನೆ. ‘ನಮ್ಮ ತಮ್ಮನ ಮಗಳು ಒಂದು ಗ್ರಹ ಹುಡಿಕ್ಯಾಳ, ಅದಕ್ಕ ಹೆಸರಿಡೂದು ನಾನು’ ಎಂದೆ. ಕಾಶವ್ವ, ಎಲ್ಲರಿಗಿಂತ ಹಿರಿಯಳು, ‘ಹತ್ತು ವರ್ಷ ನಾ ಇರಂಗಿಲ್ಲ. ತೊಟ್ಟಿಲ ನಮ್ಮನ್ಯಾಗ ಐತಿ, ಈಗ ಮಾಡಿಬಿಡೂಣು’ ಎಂದಳು. ಎಲ್ಲರೂ ಹ್ಞೂಂ ಎಂದರು. ಇಪ್ಪತ್ತೇಳನೇ ತಾರೀಖು, ಭಾನುವಾರ, ಮಧ್ಯಾಹ್ನ ಮೂರಕ್ಕೆ, ನಮ್ಮ ಬಿಲ್ಡಿಂಗಿನ ಹಾಲಿನಲ್ಲಿ ಕಾರ್ಯ. ಪೇಪರಿನಲ್ಲಿ ಬಂದ ಕಲ್ಲಿನ ಫೋಟೊವನ್ನು ಸ್ಟುಡಿಯೊಕ್ಕೆ ಕೊಟ್ಟು ದೊಡ್ಡದು ಮಾಡಿಸಿ, ಕಟ್ಟು ಹಾಕಿಸುತ್ತಿದ್ದೇವೆ. ಅದನ್ನು ತೊಟ್ಟಿಲಲ್ಲಿ ಮಲಗಿಸುತ್ತೇವೆ.

ಇದು ಆಮಂತ್ರಣವಲ್ಲ, ಮಾಹಿತಿ.

ಮಹಾದೇವಿ


ಮುಲುಂಡ್
29 ಏಪ್ರಿಲ್ 2025

ಅಕ್ಕಾ,

ನಿನ್ನ ಮಾಹಿತಿ ತಲುಪಿದಂದಿನಿಂದ ಈ ಮನೆಯಲ್ಲಿ ಬೇರೆ ಮಾತಿರಲಿಲ್ಲ. ನಾನು, ‘ಸರಕಾರಿ ಗುರುತು ಇರೂ ವಸ್ತು, ಹಂಗ ಕಂಡ ಕಂಡಲ್ಲೆ ಹೆಸರಿಡಾಕ ಬರೂದಿಲ್ಲ, ನಾಳೆ ಗುರುತು ಕೊಟ್ಟವರು ಸ್ನೇಹಲ್‌ಗೆ ಕೇಳಿದ್ರ?’ ಎಂದೆ. ಸ್ನೇಹಲ್ ನಕ್ಕು ನಕ್ಕು ಸೋಫಾದಿಂದ ಕೆಳಗೆ ಬಿದ್ದಳು. ಶೈಲಾ ಶೇಂಗಾ ಹುರಿಯತೊಡಗಿದಳು. ಭಾನುವಾರ ಬೆಳಿಗ್ಗೆ ನೋಡಿದರೆ ಶೇಂಗಾ ಉಂಡಿಯ ಡಬ್ಬಿ ಸಿದ್ಧವಾಗಿತ್ತು. ‘ಹೋಗ್ರಿ’ ಎಂದಳು. ‘ಕರದಿಲ್ಲ’ ಎಂದೆ. ‘ಟೈಮ್ ಬರದಾರಲ್ಲ, ಮತ್ತ್ ಹ್ಯಾಂಗ ಕರೀಬೇಕ?’ ಎಂದಳು. ಹೋಗುವುದೋ ಬಿಡುವುದೋ ಎಂದು ಎರಡು ತಾಸು ಜಗ್ಗಾಡಿದೆವು. ಸ್ನೇಹಲ್ ಬರಲಿಲ್ಲ. ಹೆಸರು ಹಿಡಿದು ಕರೆದರೆ ಬರುತ್ತೇನೆ ಎಂದಳು. ಹಟದಲ್ಲಿ ಯಾರನ್ನು ಹೋಲುತ್ತಾಳೆಂದು ನಾನು ಬರೆಯುವುದಿಲ್ಲ.

ನಾನು ಬಂದಿದ್ದೆ ಅಕ್ಕಾ.

ಸ್ಟೇಷನ್ನಿಗೆ ಬಂದು ಬೋರ್ಡು ನೋಡಿದೆ. ಮಾಟುಂಗಾ-ಮುಲುಂಡ್, ಮೆಗಾಬ್ಲಾಕ್. ಇಪ್ಪತ್ತೊಂಬತ್ತು ವರ್ಷದ ಸರ್ವಿಸ್ ನನ್ನದು. ನಗಬೇಡ. ಲೋಕಲ್ ಕುರ್ಲಾದ ಹೊರಗೆ ಐವತ್ತು ನಿಮಿಷ ನಿಂತಿತು. ಪಕ್ಕದವನು ರೈಲ್ವೆಯವರಿಗೆ ಬಾಯಿಗೆ ಬಂದ ಹಾಗೆ ಬೈಯುತ್ತಿದ್ದ, ನಾನೂ ಅವನ ಜೊತೆ ಸೇರಿಕೊಂಡೆ. ನಿನ್ನ ಬಿಲ್ಡಿಂಗ್ ಮುಟ್ಟಿದಾಗ ಐದು ಗಂಟೆ. ಹಾಲಿನಲ್ಲಿ ವಾಚ್‌ಮನ್ ಒಬ್ಬನೇ ಕುರ್ಚಿ ಮಡಚುತ್ತಿದ್ದ. ‘ಬಾರಸಾ ಹೋ ಗಯಾ ಸಾಬ್. ಗಾನಾ, ನಾಶ್ತಾ, ಸಬ್ ಹುವಾ. ಲೇಕಿನ್ ಬಚ್ಚಾ ಲಾನಾ ಭೂಲ್ ಗಯೇ ಲೋಗ್’ ಎಂದ. ತೊಟ್ಟಿಲ ಕಾರ್ಯವೆಲ್ಲ ಆಯಿತಂತೆ, ಕೂಸನ್ನು ತರುವುದನ್ನೇ ಜನ ಮರೆತರಂತೆ.

ಉಂಡಿಯ ಡಬ್ಬಿ ಹಿಡಿದು ಆ ಖಾಲಿ ಹಾಲಿನ ಬಾಗಿಲಲ್ಲಿ ನಿಂತಾಗ ಅವತ್ತು ನಿನಗೆ ಹೇಗಾಗಿತ್ತೆಂದು ಗೊತ್ತಾಯಿತು. ನೀಲಾಬಾಯಿಯವರ ತಪ್ಪಲ್ಲ ಅದು. ಅವರು, ‘ಮುಹೂರ್ತ ದಾಟಾಕತ್ತೇತಿ, ನಿಮ್ಮಕ್ಕಾರು ಬರ್ತಾರೋ ಇಲ್ಲೋ?’ ಎಂದು ನನ್ನನ್ನು ಕೇಳಿದ್ದರು. ಕಾಯೋಣ ಎಂಬ ಒಂದು ಮಾತು ನನ್ನ ಬಾಯಿಂದ ಬರಲಿಲ್ಲ. ಮನೆ ತುಂಬ ಜನ, ಕೂಸು ಅಳುತ್ತಿತ್ತು, ಕಾಯಬೇಕೆಂದು ಹೇಳಲು ನಾಚಿಕೆಯಾಯಿತು. ತಪ್ಪಾಯಿತು ಅಕ್ಕಾ. ನಿನ್ನ ಮನೆಯ ಬಾಗಿಲು ಬಡಿಯಲು ಧೈರ್ಯ ಸಾಲಲಿಲ್ಲ. ಡಬ್ಬಿಯನ್ನು ವಾಚ್‌ಮನ್ ಕೈಗೆ ಕೊಟ್ಟು ಹಿಂದಿರುಗಿದೆ.

ಗುರುಪಾದ


ಸಯನ್
6 ಮೇ 2025

ಗುರುಪಾದ,

ನಿನ್ನ ಪತ್ರವನ್ನು ಮೊದಲು ಒಬ್ಬಳೇ ಓದಿದೆ, ಆಮೇಲೆ ನಿನ್ನ ಭಾವನವರಿಗೆ ಓದಿದೆ, ಮೆಗಾಬ್ಲಾಕಿನ ಭಾಗವನ್ನು ಮಾತ್ರ ಮಂಡಳದಲ್ಲಿ ಎರಡು ಸಲ ಓದಿದೆ. ನಕ್ಕಿದ್ದೇವೆ, ಸುಳ್ಳು ಹೇಳುವುದಿಲ್ಲ. ಕುರ್ಲಾದ ಹೊರಗೆ ಐವತ್ತು ನಿಮಿಷ! ನನ್ನ ತಮ್ಮ! ಕಡೆಯ ಭಾಗವನ್ನು ಯಾರಿಗೂ ಓದಲಿಲ್ಲ. ಅದನ್ನು ದೇವರ ಜಗಲಿಯ ಕೆಳಗೆ ಇಟ್ಟಿದ್ದೇನೆ. ಬಾಗಿಲ ತನಕ ಬಂದು ಹೋದೆಯಲ್ಲೋ ಹುಚ್ಚಪ್ಪಾ, ಒಂದು ಬೆಲ್ ಬಾರಿಸಿದ್ದರೆ ನಾನೇನು ಹೊಡೆಯುತ್ತಿದ್ದೆನೇ? ಡಬ್ಬಿ ತಲುಪಿತು. ಅದರಲ್ಲಿ ಎಂಟೇ ಉಂಡಿ ಇದ್ದವು. ಶೈಲಾ ಎಂಟು ಕಟ್ಟುವವಳಲ್ಲ, ನಡುವೆ ವಾಚ್‌ಮನ್ನನ ಸೇವೆ ಆಗಿದೆ.

ಇನ್ನು ಕಾರ್ಯದ ವರದಿ. ತೊಟ್ಟಿಲಿಗೆ ಮಲ್ಲಿಗೆ ಕಟ್ಟಿದ್ದೆವು. ಇಪ್ಪತ್ತು ವರ್ಷ ಟ್ರಂಕಿನಲ್ಲಿದ್ದ ಹಸಿರು ಕುಂಚಿಗೆಯನ್ನು ತೆಗೆದು ಫೋಟೊದ ಕಟ್ಟಿಗೆ ತೊಡಿಸಿದೆ. ನಾಲ್ಕು ಜನ ಜೋಗುಳ ಹಾಡಿದರು. ನಾನು ಬಗ್ಗಿ, ಕಟ್ಟಿನ ಬಲಮೂಲೆ ಕಿವಿಯಿರಬಹುದೆಂದು ಅಂದಾಜು ಮಾಡಿ, ಮೂರು ಸಲ ‘ರಾಚವ್ವ’ ಎಂದೆ. ಕಣ್ಣಲ್ಲಿ ನೀರು ಬಂತು. ಎಲ್ಲ ಸಾಂಗವಾಗಿ ಆಯಿತು.

ಆಗಿಲ್ಲ ಎಂದು ಮರುದಿನ ತಿಳಿಯಿತು. ಕನ್ನಡಕ ಹಾಕಿಕೊಂಡು ಫೋಟೊ ನೋಡುತ್ತೇನೆ, ಬರೀ ಕಪ್ಪು. ಪೇಪರಿನಲ್ಲಿ ನಡುವೆ ಒಂದು ಚುಕ್ಕೆ, ಅದರ ಸುತ್ತ ಗೆರೆ ಇತ್ತಲ್ಲ, ಯಾವುದೂ ಇಲ್ಲ. ಸ್ಟುಡಿಯೊಕ್ಕೆ ಓಡಿದೆ. ಅವನು ಎದೆಯುಬ್ಬಿಸಿ, ‘ಮ್ಯಾಡಮ್, ಬಹುತ್ ದಾಗ್ ಥಾ. ಮೈನೆ ಪೂರಾ ಸಾಫ್ ಕರ್ ದಿಯಾ’ ಎಂದ. ನಿನ್ನ ಮಗಳು ಕಣ್ಣು ಕಳೆದುಕೊಂಡು ಹುಡುಕಿದ ಕಲ್ಲನ್ನು, ಅವನು ಕಲೆ ಎಂದು ಅಳಿಸಿಬಿಟ್ಟಿದ್ದಾನೆ. ಇಪ್ಪತ್ತಾರು ಹೆಂಗಸರು ಕೂಡಿ ಕಪ್ಪು ಕಾಗದಕ್ಕೆ ನಮ್ಮ ಅವ್ವನ ಹೆಸರಿಟ್ಟಿದ್ದೇವೆ. ಮಂಡಳದಲ್ಲಿ ಹೇಳಿಲ್ಲ. ನೀನು ನಿನ್ನ ಹೆಂಡತಿಗೆ ಹೇಳಬಹುದು, ಅವಳ ಹೊರತು ಯಾರಿಗೂ ಬೇಡ.

ನಿನ್ನ ಮಗಳ ಶರ್ತ ಇನ್ನೂ ಹಾಗೇ ಇದೆ, ಗೊತ್ತು. ಈಗ ಸಿಟ್ಟು ಉಳಿದಿಲ್ಲ, ಗುರುಪಾದ. ನಿನ್ನ ಪತ್ರ ಓದಿದಾಗಲೇ ಹೋಯಿತು. ಆದರೂ ಪೆನ್ನು ಆ ಹೆಸರಿನ ಹತ್ತಿರ ಬಂದು ನಿಲ್ಲುತ್ತದೆ. ಇಂದು ಕರೆದರೆ, ಇಷ್ಟು ವರ್ಷ ಯಾಕೆ ಕರೆಯಲಿಲ್ಲ ಎಂದು ಅವಳು ಕೇಳಿಯಾಳು. ಅದಕ್ಕೆ ಏನು ಹೇಳಲಿ? ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಮೈಮೇಲೆ ಎಳೆದುಕೊಳ್ಳುವ ರೂಢಿ ಟೀಚರುಗಳಿಗಿಲ್ಲ.

ಅಕ್ಕ


ಮುಲುಂಡ್
4 ಸೆಪ್ಟೆಂಬರ್ 2025

ಅಕ್ಕಾ,

ಫೋನ್ ಮಾಡೋಣವೆಂದು ಎರಡು ಸಲ ಕೈಗೆತ್ತಿಕೊಂಡು ಇಟ್ಟೆ. ಬರೆಯುವುದೇ ಮೇಲು.

ಸೋಮವಾರ, ಕಲ್ಲಿಗೆ ಗುರುತು ಕೊಟ್ಟ ಸಂಸ್ಥೆಯವರಿಂದ ಸ್ನೇಹಲ್‌ಗೆ ಇಮೇಲ್ ಬಂತು. ಕಲ್ಲಿನ ದಾರಿಯನ್ನು ಸರಿಯಾಗಿ ಗಣಿತ ಮಾಡಿ, ಹಿಂದಕ್ಕೆ ಹೋಗಿ ಹಳೆಯ ದಾಖಲೆಗಳಲ್ಲಿ ಹುಡುಕಿದ್ದಾರೆ. ಹದಿನಾಲ್ಕು ವರ್ಷದ ಹಿಂದೆ ಬೇರೊಂದು ದೇಶದ ವೀಕ್ಷಣಾಲಯದವರು ಇದೇ ಕಲ್ಲನ್ನು ನೋಡಿ ಬರೆದಿಟ್ಟಿದ್ದರಂತೆ. ಆಮೇಲೆ ಅದು ಅವರ ಕೈತಪ್ಪಿತ್ತು. ಈಗ ಎರಡೂ ಒಂದೇ ಎಂದು ಖಚಿತವಾಯಿತು. ಮೊದಲು ಕಂಡವರು ಅವರು, ಹೆಸರಿಡುವ ಹಕ್ಕೂ ಅವರದೇ. ‘ನಿಮ್ಮ ಶ್ರಮ ಅಮೂಲ್ಯ’ ಎಂದು ಕೊನೆಗೆ ಬರೆದಿದ್ದಾರೆ. ನಮ್ಮ ಆಫೀಸಿನಲ್ಲಿಯೂ ಕೆಲಸ ಆಗದಿದ್ದಾಗ ಹೀಗೇ ಬರೆಯುತ್ತೇವೆ.

ಸ್ನೇಹಲ್ ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. ಮನೆಯ ಪಾತ್ರೆಗಳನ್ನೆಲ್ಲ ಇಳಿಸಿ ತಿಕ್ಕಿದಳು, ಉಪಯೋಗಿಸದ ಕೊಪ್ಪರಿಗೆಯನ್ನೂ ಬಿಡಲಿಲ್ಲ. ಲ್ಯಾಪ್‌ಟಾಪನ್ನು ಅಲಮಾರಿಯಲ್ಲಿ ಸೀರೆಗಳ ಕೆಳಗೆ ಇಟ್ಟಿದ್ದಾಳೆ. ‘ಇನ್ ನೋಡಂಗಿಲ್ಲ ಪಪ್ಪಾ, ಬಸ್ ಝಾಲಂ’ ಎಂದಳು. ಅವಳ ಗುರುಗಳು ಮಾತಾಡಿದರು, ಶೈಲಾ ಮಾತಾಡಿದಳು, ನಾನು ಮಾತಾಡಲು ಹೋಗಿ ಮೆಗಾಬ್ಲಾಕಿನ ಉದಾಹರಣೆ ಕೊಟ್ಟೆ, ಬಾಗಿಲು ಹಾಕಿಕೊಂಡಳು. ರಾತ್ರಿ ಊಟದ ಹೊತ್ತಿಗೆ ಬಂದು ಒಂದೇ ಮಾತು ಅಂದಳು: ‘ಅತ್ತಿಗೆ ನಾ ಏನ್ ಹೇಳ್ಲಿ? ಅವರಿಗೆ ಪ್ರಾಮಿಸ್ ಮಾಡಿದ್ದೆ.’

ಆತ್ಯಾ ಅನ್ನಲಿಲ್ಲ ಅಕ್ಕಾ. ಅತ್ತಿ ಎಂದಳು.

ನಿನ್ನ ಮಂಡಳದವರಿಗೆ ಏನು ಹೇಳುವೆಯೋ ನನಗೆ ತಿಳಿಯದು. ನಮ್ಮಿಂದ ನಿನಗೆ ಎರಡನೆಯ ಸಲವೂ ಹೀಗಾಯಿತು.

ಗುರುಪಾದ


ಸಯನ್
10 ಸೆಪ್ಟೆಂಬರ್ 2025

ಚಿ. ಸ್ನೇಹಲ್‌ಗೆ ಅತ್ತಿಯ ಆಶೀರ್ವಾದಗಳು.

ಬರೆದೆ ನೋಡು. ಮೂರು ಹಾಳೆ ಹರಿದು ಒಗೆದು ನಾಲ್ಕನೆಯದರಲ್ಲಿ ಬರೆದೆ. ಕಲ್ಲು ಕೈಬಿಟ್ಟ ಮೇಲೆ ಶರ್ತ ಪೂರೈಸಿ ಇವಳಿಗೇನು ಬಂತು ಎಂದು ನಿನ್ನ ಅಪ್ಪ ಯೋಚಿಸುತ್ತ ಕೂಡಲಿ. ಅವನಿಗೂ ವೇಳೆ ಹೋಗಬೇಕು.

ಹೆಸರನ್ನು ಬಾಯಲ್ಲಿ ಇಟ್ಟುಕೊಂಡು ಅಷ್ಟು ದೂರ ಹೋಗಿ, ಕಾರ್ಯ ಮುಗಿದಿದೆ ಎಂದು ಹೇಳಿಸಿಕೊಳ್ಳುವುದು ಏನೆಂದು ಈ ಮುಂಬಯಿಯಲ್ಲಿ ನನ್ನಷ್ಟು ಬಲ್ಲವರು ಇನ್ನೊಬ್ಬರಿಲ್ಲ. ಅದಕ್ಕೆ ನಿನಗೆ ಬುದ್ಧಿ ಹೇಳುವ ಅಧಿಕಾರ ನನಗೊಬ್ಬಳಿಗೇ ಇದೆ. ಹೊಟ್ಟೆ ಉರಿಯುತ್ತದೆ, ಉರಿಯಲಿ. ಪಾತ್ರೆ ತಿಕ್ಕಬೇಕೆನಿಸಿದರೆ ತಿಕ್ಕು, ನಿನ್ನ ಅವ್ವನಿಗೂ ಬಿಡುವು ಸಿಗುತ್ತದೆ. ಆದರೆ ನಾನು ಮಾಡಿದ್ದನ್ನು ಮಾತ್ರ ಮಾಡಬೇಡ. ನಾನೇನು ಮಾಡಿದೆ ಗೊತ್ತೇ? ಹೆಸರು ನನ್ನದಲ್ಲ ಎಂದು ಕೂಸನ್ನೇ ಬಿಟ್ಟು ಬಂದೆ. ನೀನು ಅವತ್ತು ತೊಟ್ಟಿಲಲ್ಲಿದ್ದೆ, ನಾಲ್ಕು ಹೆಜ್ಜೆಯ ಮೇಲೆ. ನಾನು ಬಗ್ಗಿ ನಿನ್ನ ಮುಖ ಕೂಡ ನೋಡಲಿಲ್ಲ. ಹಲ್ಲು ಬಂದದ್ದು, ನಡೆದದ್ದು, ಶಾಲೆಗೆ ಹೋದದ್ದು, ಯಾವುದೂ ನನಗೆ ಗೊತ್ತಿಲ್ಲ. ಇಷ್ಟು ವರ್ಷ ಯಾಕೆ ಕರೆಯಲಿಲ್ಲ ಎಂದು ನೀನು ಕೇಳಿದರೆ ಉತ್ತರ ಇದೇ: ದಡ್ಡಿ, ಅದಕ್ಕೆ. ಹತ್ತಕ್ಕೆ ಸೊನ್ನೆ.

ಆ ಕಲ್ಲನ್ನು ಅವರು ಒಮ್ಮೆ ಕಂಡು ಕಳೆದುಕೊಂಡಿದ್ದರು. ಹುಡುಕಿ ಕೊಟ್ಟವಳು ನೀನು. ಹೆಸರು ಅವರು ಏನಾದರೂ ಇಟ್ಟುಕೊಳ್ಳಲಿ, ನೋಡಬೇಡ ಎಂದು ಅವರು ನಿನಗೆ ಹೇಳಿಲ್ಲವಲ್ಲ? ಸೀರೆಗಳ ಕೆಳಗಿಂದ ಆ ಪೆಟ್ಟಿಗೆಯನ್ನು ತೆಗೆ. ನನಗೂ ನೋಡಬೇಕಾಗಿದೆ. ನಾಲ್ಕು ಫೋಟೊ ಪಟಪಟ ಬದಲಿಸಿ ತೋರಿಸು, ಸರಿಯುವ ಚುಕ್ಕೆ ಯಾವುದೆಂದು ನಾನೇ ಹೇಳುತ್ತೇನೆ. ಪರೀಕ್ಷೆಯ ಹಾಲಿನಲ್ಲಿ ಯಾವ ಹುಡುಗ ಪಕ್ಕಕ್ಕೆ ಸರಿದ ಎಂದು ಮೂವತ್ತನಾಲ್ಕು ವರ್ಷ ಹಿಡಿದ ಕಣ್ಣು ಇವು.

ಮಂಡಳದಲ್ಲಿ ಹೇಳಿದೆ. ಕಲ್ಲು ಬೇರೆಯವರದಾಯಿತು ಎಂದೂ, ನಾವು ಹೆಸರಿಟ್ಟದ್ದು ಕಪ್ಪು ಕಾಗದಕ್ಕೆ ಎಂದೂ, ಎರಡನ್ನೂ ಒಂದೇ ಉಸಿರಿನಲ್ಲಿ. ಕಾಶವ್ವ, ‘ಇರ್ಲಿ ಬಿಡವಾ, ಜೋಗುಳಾ ಚಲೋ ಆಗಿದ್ದುವು’ ಎಂದಳು.

ಈ ಭಾನುವಾರ ಮುಲುಂಡ್‌ಗೆ ಬರುತ್ತೇನೆ, ನಿನ್ನ ಮಾಮಾನವರನ್ನೂ ಕರೆದುಕೊಂಡು. ಶೈಲಾಳಿಗೆ ಹೇಳು, ಏನೂ ಹೆಚ್ಚಿನದು ಮಾಡುವುದು ಬೇಡ, ಜುಣಕ ಭಕ್ಕರಿ ಸಾಕು. ಅವತ್ತು ಬಿಟ್ಟು ಎದ್ದ ಎಲೆಯ ಮುಂದೆ ಕೂಡಬೇಕಾಗಿದೆ. ಬಾಗಿಲು ಮಾತ್ರ ನೀನೇ ತೆಗೆ. ತೆಗೆದವಳೇ ‘ಬರ್ರಿ ಅತ್ತಿ’ ಎಂದು ಮುಂದಾಗಬೇಡ, ಸುಮ್ಮನೆ ನಿಂತಿರು. ಮೊದಲು ಕರೆಯುವವಳು ನಾನು. ಬರೆದದ್ದಾಯಿತು, ಬಾಯಿಂದ ಇನ್ನೂ ಒಮ್ಮೆಯೂ ಆಗಿಲ್ಲ. ಸ್ವಲ್ಪ ತಡವಾದೀತು. ಕಾದಿರು.

ನಿನ್ನ ಅತ್ತಿ
ಮಹಾದೇವಿ